ಹಳೆಯ ಸಣ್ಣ ಕಾರು ಎಷ್ಟು ಕಾಲ ಬಾಳೀತು? ಪದೇ ಪದೇ ಕೇಳುವ ಪ್ರಶ್ನೆಗಳು

ಬಳಸಿದ ಸಣ್ಣ ಕಾರನ್ನು ಕೊಳ್ಳಹೊರಟವರು ಮತ್ತು ಕೊಂಡು ಓಡಿಸುತ್ತಿರುವವರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಹಳೆಯ ಕಾರು ಯಾವುದೇ ಇರಲಿ, ಹಿಂದಿನವರು ಮಾಡದೆ ಬಿಟ್ಟ ಕೆಲಸಗಳ ಬಾಕಿಯನ್ನು ಹೊತ್ತೇ ಬರುತ್ತದೆ. ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ನೋಡಿ ಮರುಳಾಗುವ ಮೊದಲು ಆ ಬಾಕಿ ಎಷ್ಟಿದೆ ಎಂದು ಲೆಕ್ಕ ಹಾಕುವವರಿಗಾಗಿ ಈ ಉತ್ತರಗಳು.

## ಮೊದಲ ಪ್ರಶ್ನೆಗಳು

ಎಷ್ಟು ಕಿಲೋಮೀಟರ್ ಓಡಿದ್ದರೆ ಕಾರಿಗೆ ವಯಸ್ಸಾಯಿತು ಎನ್ನಬೇಕು?

ಅಂಥ ಗೆರೆ ಇಲ್ಲ. ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಸಾಮಾನ್ಯ ಪೆಟ್ರೋಲ್ ಎಂಜಿನ್ ಎರಡು ಲಕ್ಷ ಕಿಲೋಮೀಟರ್ ದಾಟುವುದು ಇಂದು ಅಚ್ಚರಿಯ ಸಂಗತಿಯಲ್ಲ. ಆಯಿಲ್ ಕಾಣದ ಎಂಜಿನ್ ಎಂಬತ್ತು ಸಾವಿರಕ್ಕೇ ಸದ್ದು ಮಾಡತೊಡಗುತ್ತದೆ. ಓಡಿದ ಬಗೆಯೂ ಮುಖ್ಯ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಒಂದು ಲಕ್ಷಕ್ಕಿಂತ, ದಿನಕ್ಕೆ ಎರಡು ಮೂರು ಕಿಲೋಮೀಟರ್‌ನಂತೆ ಸಂತೆಯ ಗದ್ದಲದಲ್ಲಿ ತೆವಳಿದ ಐವತ್ತು ಸಾವಿರ ಎಂಜಿನ್ನನ್ನೂ ಕ್ಲಚ್ಚನ್ನೂ ಹೆಚ್ಚು ಸವೆಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಆಯಿಲಿನಲ್ಲಿ ಸೇರಿದ ತೇವ ಮತ್ತು ಪೆಟ್ರೋಲ್ ಆವಿಯಾಗಿ ಹೊರಹೋಗುವುದಿಲ್ಲ.

ಯಾವ ಕಂಪನಿಯ ಕಾರು ಕೈಕೊಡುವುದಿಲ್ಲ? ಒಂದೇ ಹೆಸರು ಹೇಳಿ ಸಾಕು.

ಹೇಳುವುದಿಲ್ಲ, ಏಕೆಂದರೆ ಕಂಪನಿಯ ಹೆಸರು ಕೇಳಿ ಕೊಂಡವರೇ ಹೆಚ್ಚು ಮೋಸ ಹೋಗುತ್ತಾರೆ. ಬಾಳಿಕೆಗೆ ಹೆಸರಾದ ಹೋಂಡಾ ಸಿವಿಕ್ ಕಾರನ್ನೇ ನೋಡಿ. 2006ರಿಂದ 2008ರ ಮಾದರಿಗಳಲ್ಲಿ 1.8 ಲೀಟರ್ ಎಂಜಿನ್ ಬ್ಲಾಕ್ ಬಿರುಕು ಬಿಟ್ಟು ಎಂಜಿನ್ ತಂಪಾಗಿಸುವ ದ್ರವ (ಕೂಲಂಟ್) ಸೋರುವ ದೋಷ ಕಾಣಿಸಿಕೊಂಡು, ಕಂಪನಿಯೇ ಅಮೆರಿಕದಲ್ಲಿ ಆ ಭಾಗದ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಕೇಳಬೇಕಾದ ಪ್ರಶ್ನೆ ಕಂಪನಿಯದಲ್ಲ: ಯಾವ ಮಾದರಿ, ಯಾವ ವರ್ಷ, ಯಾವ ಎಂಜಿನ್, ಯಾವ ಗೇರ್‌ಬಾಕ್ಸ್? ಒಂದೇ ಹೆಸರಿನ ಕಾರು ಮ್ಯಾನುಯಲ್ ಗೇರಿನಲ್ಲಿ ಗಟ್ಟಿ, ಆಟೊಮ್ಯಾಟಿಕ್‌ನಲ್ಲಿ ತಲೆನೋವು ಆಗಿರಬಹುದು. ಹೊಸ ಮಾದರಿ ಬಂದ ಮೊದಲ ವರ್ಷದ ಕಾರಿಗಿಂತ, ದೋಷಗಳನ್ನು ತಿದ್ದಿದ ಮೂರನೆಯ ನಾಲ್ಕನೆಯ ವರ್ಷದ್ದು ಸಾಮಾನ್ಯವಾಗಿ ಲೇಸು.

ಹದಿನೈದು ವರ್ಷ ಹಳೆಯದು, ಆದರೆ ಮೂವತ್ತು ಸಾವಿರವೇ ಓಡಿದೆ. ಅದೃಷ್ಟ ಅಲ್ಲವೇ?

ಅರ್ಧ ಅದೃಷ್ಟ. ಲೋಹ ಓಟದಿಂದ ಸವೆಯುತ್ತದೆ, ರಬ್ಬರು ಕಾಲದಿಂದ ಕೆಡುತ್ತದೆ. ನಿಂತ ಕಾರಿನಲ್ಲಿ ಟೈರು ಬಿರುಕು ಬಿಡುತ್ತದೆ, ಕೂಲಂಟ್ ಹೋಸುಗಳು ಗಡುಸಾಗುತ್ತವೆ, ಆಯಿಲ್ ಸೀಲುಗಳು ಒಣಗಿ ಸೋರತೊಡಗುತ್ತವೆ, ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ನುಗಳು ಕಚ್ಚಿಕೊಳ್ಳುತ್ತವೆ, ಇಲಿ ವೈರು ಕಡಿಯುತ್ತದೆ. ಇಂಥ ಕಾರನ್ನು ಕೊಳ್ಳಬೇಡಿ ಎನ್ನುತ್ತಿಲ್ಲ. ಟೈರು, ಬೆಲ್ಟು, ಹೋಸು, ಬ್ಯಾಟರಿ ಮತ್ತು ಎಲ್ಲ ದ್ರವಗಳನ್ನೂ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸರ್ವಿಸ್ ಪುಸ್ತಕದಲ್ಲಿ ಎಲ್ಲ ಕಡೆ ಮೊಹರು ಇದೆ. ಅಷ್ಟು ಸಾಕಲ್ಲವೇ?

ಮೊಹರಿಗಿಂತ ಬಿಲ್ಲನ್ನು ನಂಬಿ. ಮೊಹರು ಕಾರು ಗ್ಯಾರೇಜಿಗೆ ಹೋಗಿತ್ತು ಎನ್ನುತ್ತದೆ. ಬಿಲ್ಲು ಏನು ಮಾಡಿದರು, ಯಾವ ದರ್ಜೆಯ ಆಯಿಲ್ ಹಾಕಿದರು, ಆಗ ಮೀಟರ್ ಎಷ್ಟಿತ್ತು ಎಂಬುದನ್ನೂ ಹೇಳುತ್ತದೆ. ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಎರಡರ ನಡುವಿನ ಅಂತರ ನೋಡಿ. ಒಂದು ಕಡೆ ಮೂವತ್ತು ಸಾವಿರ ಕಿಲೋಮೀಟರ್ ಖಾಲಿ ಇದ್ದರೆ ಆಗ ಆಯಿಲ್ ಬದಲಾಗಿಲ್ಲ ಎಂದೇ ತಿಳಿಯಿರಿ. ಪುಸ್ತಕದ ಎಲ್ಲ ಪುಟಗಳಲ್ಲಿಯೂ ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಅದು ಒಂದೇ ಸಂಜೆ ಹುಟ್ಟಿದ ಇತಿಹಾಸವಾಗಿರಬಹುದು.

ಬಿಲ್ಲಿನಲ್ಲಿ ಹುಡುಕಬೇಕಾದ್ದು ದೊಡ್ಡ ರಿಪೇರಿಯನ್ನಲ್ಲ, ಯಾರೂ ನೆನಪಿಟ್ಟುಕೊಳ್ಳದ ಸಣ್ಣ ಕೆಲಸಗಳನ್ನು. ಬ್ರೇಕ್ ದ್ರವ, ಕೂಲಂಟ್, ಗೇರ್ ಆಯಿಲ್ ಬದಲಿಸಿದ ದಾಖಲೆ ಇದ್ದರೆ ಮಾಲೀಕರು ಕಾರನ್ನು ನಿಜಕ್ಕೂ ನೋಡಿಕೊಂಡಿದ್ದಾರೆ.

ಪೆಟ್ರೋಲ್ ತೆಗೆದುಕೊಳ್ಳಲೋ, ಡೀಸೆಲ್ ತೆಗೆದುಕೊಳ್ಳಲೋ?

ದಿನವೂ ದೂರ ಓಡಿಸುವವರಿಗೆ ಡೀಸೆಲ್, ಊರೊಳಗೇ ಸುತ್ತುವವರಿಗೆ ಪೆಟ್ರೋಲ್. ಈಚಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾದಾಗ ಮಾತ್ರ ಅದು ಮಸಿಯನ್ನು ಸುಟ್ಟು ತನ್ನನ್ನು ಶುಚಿ ಮಾಡಿಕೊಳ್ಳುತ್ತದೆ. ಸಣ್ಣ ಸಣ್ಣ ಓಟದಲ್ಲಿ ಅಷ್ಟು ಕಾಯುವುದೇ ಇಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ, ಇಂಧನ ಸಿಂಪಡಿಸುವ ಇಂಜೆಕ್ಟರ್‌ಗಳಂಥ ದುಬಾರಿ ಭಾಗಗಳೂ ಡೀಸೆಲ್ ಕಾರಿನಲ್ಲಿ ಹೆಚ್ಚು. ಟರ್ಬೊ ಇಲ್ಲದ ಸರಳ ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರು: ಹಳೆಯ ಸಣ್ಣ ಕಾರಿನಲ್ಲಿ ನನ್ನ ಮತ ಯಾವಾಗಲೂ ಈ ಜೋಡಿಗೇ.

## ಕಾರಿನ ಮುಂದೆ ನಿಂತಾಗ

ಮೀಟರ್ ತಿರುಗಿಸಿದ್ದಾರೆಯೇ ಎಂದು ಹೇಗೆ ತಿಳಿಯುವುದು?

ಕಾಲು, ಕೈ, ಸೊಂಟ ತಾಗುವ ಜಾಗಗಳನ್ನು ನೋಡಿ. ಮೀಟರ್ ನಲವತ್ತು ಸಾವಿರ ಎನ್ನುತ್ತಿದೆ, ಆದರೆ ಕ್ಲಚ್ ಪೆಡಲ್‌ನ ರಬ್ಬರಿನ ಗೆರೆಗಳು ಮಾಸಿ ನುಣುಪಾಗಿವೆ, ಸ್ಟೀರಿಂಗಿನ ಮೇಲ್ಭಾಗ ಹೊಳೆಯುತ್ತಿದೆ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆ ಎಂದರೆ ಸಂಖ್ಯೆ ಸುಳ್ಳು. ಪೆಡಲ್ ರಬ್ಬರು ಮಾತ್ರ ಹೊಚ್ಚ ಹೊಸದಾಗಿದ್ದರೂ ಅನುಮಾನಪಡಿ. ಡಿಜಿಟಲ್ ಮೀಟರನ್ನು ತಿದ್ದುವುದು ಹಳೆಯ ಮುಳ್ಳಿನ ಮೀಟರಿಗಿಂತಲೂ ಸುಲಭ. ಆದರೆ ಹಲವು ಕಾರುಗಳಲ್ಲಿ ಓಡಿದ ದೂರ ಬೇರೆ ನಿಯಂತ್ರಣ ಘಟಕಗಳಲ್ಲಿಯೂ ದಾಖಲಾಗಿರುತ್ತದೆ, ಅದನ್ನು ಒಳ್ಳೆಯ ಸ್ಕ್ಯಾನರ್ ಓದಬಲ್ಲದು. ಬಾಗಿಲ ಚೌಕಟ್ಟಿಗೋ ಬಾನೆಟ್ಟಿನ ಕೆಳಗೋ ಅಂಟಿಸಿರುವ ಹಳೆಯ ಆಯಿಲ್ ಬದಲಾವಣೆಯ ಚೀಟಿ ಎಷ್ಟೋ ಬಾರಿ ಗುಟ್ಟು ಬಿಟ್ಟುಕೊಟ್ಟಿದೆ.

ಅಪಘಾತವಾಗಿ ಸರಿಮಾಡಿದ ಕಾರನ್ನು ಕಂಡುಹಿಡಿಯುವುದು ಹೇಗೆ?

ಹಗಲು ಬೆಳಕಿನಲ್ಲಿ, ಒಣಗಿದ ಕಾರನ್ನೇ ನೋಡಿ. ಮಳೆಯಲ್ಲಿ ನೆನೆದ ಕಾರಿನ ಬಣ್ಣವೆಲ್ಲ ಒಂದೇ ರೀತಿ ಕಾಣುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಗಳ ಸುತ್ತಲ ಸಂದು ಎರಡೂ ಬದಿಯಲ್ಲಿ ಸಮವಾಗಿರಬೇಕು. ಮುಂದಿನ ಫೆಂಡರ್ ಮತ್ತು ಬಾನೆಟ್ ಕೀಲಿನ ಬೋಲ್ಟುಗಳನ್ನು ಗಮನಿಸಿ. ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಅಲ್ಲಿ ಸ್ಪ್ಯಾನರ್ ಆಡಿದೆ. ಎಲ್ಲ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಸಂಕೇತ ಇರುತ್ತದೆ, ಒಂದು ಮಾತ್ರ ಬೇರೆ ವರ್ಷದ್ದಾಗಿದ್ದರೆ ಕಾರಣ ಕೇಳಿ. ಕಲ್ಲು ಬಡಿದು ಗಾಜು ಒಡೆದಿರಲೂಬಹುದು, ಅದೇನೂ ಅಪರಾಧವಲ್ಲ.

ಬಂಪರ್ ಬದಲಿಸಿದ, ಬಾಗಿಲು ಗೀಚಿದ ಕಾರನ್ನು ನಾನು ತಳ್ಳಿಹಾಕುವುದಿಲ್ಲ. ಡಿಕ್ಕಿಯ ನೆಲಹಾಸನ್ನು ಎತ್ತಿ ಸ್ಟೆಪ್ನಿಯ ಗುಂಡಿ ನೋಡಿ, ಬಾನೆಟ್ ತೆಗೆದು ಎಂಜಿನ್ನಿನ ಎರಡೂ ಪಕ್ಕದ ಉದ್ದನೆಯ ಚಾಸಿಸ್ ತೊಲೆಗಳನ್ನು ನೋಡಿ. ಅಲ್ಲಿ ಸುಕ್ಕು, ಹೊಸ ವೆಲ್ಡಿಂಗ್, ದಪ್ಪ ಸೀಲಂಟ್ ಇದ್ದರೆ ಕಾರಿನ ಎಲುಬೇ ಮುರಿದು ಕೂಡಿಸಿದ್ದು. ಅದನ್ನು ಬಿಟ್ಟು ಬನ್ನಿ. ಹದಿನೇಳು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಕಾಗದಪತ್ರದಲ್ಲಿಯೂ ಕಾರಿನ ಮೈಮೇಲೂ ಒಂದೇ ಆಗಿರಬೇಕು. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಕಂಡರೆ ಅದು ಖೋಟಾ.

ನೆರೆಯಲ್ಲಿ ಮುಳುಗಿದ ಕಾರಾಗಿದ್ದರೆ?

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಕಾರನ್ನು ತೊಳೆಯುವವರು ಹೊರಗೆ ಕಾಣುವ ಒಂದು ಗೇಣು ಪಟ್ಟಿಯನ್ನಷ್ಟೇ ಉಜ್ಜಿರುತ್ತಾರೆ. ಸುರುಳಿಯ ಒಳಗಿನ ಭಾಗದಲ್ಲಿ ಕೆಸರಿನ ಗೆರೆಯೋ ಬೂಷ್ಟಿನ ಕಲೆಯೋ ಹಾಗೆಯೇ ಉಳಿದಿರುತ್ತದೆ. ಆಮೇಲೆ ಸೀಟಿನ ಕೆಳಗೆ ಕೈಹಾಕಿ: ಹಳಿಗಳ ಬೋಲ್ಟು ತುಕ್ಕು ಹಿಡಿದಿದೆಯೇ, ಕಾರ್ಪೆಟ್ಟಿನ ಅಡಿಯ ಸ್ಪಂಜು ತೇವವಾಗಿದೆಯೇ, ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಇದೆಯೇ? ವಿಪರೀತ ಸುಗಂಧ ಸಿಂಪಡಿಸಿದ ಕಾರಿನ ಬಗ್ಗೆಯೂ ಎಚ್ಚರ. ಮುಳುಗಿದ ಕಾರು ಒಂದೆರಡು ತಿಂಗಳು ಚೆನ್ನಾಗಿಯೇ ಓಡುತ್ತದೆ. ಕಿಲುಬು ನಿಧಾನವಾಗಿ ವೈರುಗಳನ್ನು ತಿನ್ನುತ್ತ, ಒಮ್ಮೆ ಪವರ್ ವಿಂಡೋ, ಒಮ್ಮೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಒಮ್ಮೆ ಏರ್‌ಬ್ಯಾಗ್ ಎಂದು ಕಾಡುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ತುಕ್ಕು ಇದ್ದರೆ ಬಿಟ್ಟುಬಿಡಬೇಕೇ?

ಎಲ್ಲಿ ಇದೆ ಎಂಬುದರ ಮೇಲೆ ಹೋಗುತ್ತದೆ. ಸೈಲೆನ್ಸರ್ ಮೇಲಿನ ತುಕ್ಕು, ಬಾಗಿಲ ಅಂಚಿನ ಗೀರಿನ ತುಕ್ಕು ಲೆಕ್ಕಕ್ಕಿಲ್ಲ. ಬಾಗಿಲ ಕೆಳಗಿನ ಹೊಸ್ತಿಲ ಭಾಗ, ಜ್ಯಾಕ್ ಕೊಡುವ ಜಾಗ, ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆ ಕೂರುವ ಗುಮ್ಮಟ, ಎಂಜಿನ್ ಮತ್ತು ಸಸ್ಪೆನ್ಷನ್ ಹೊರುವ ಸಬ್‌ಫ್ರೇಮ್, ಬ್ರೇಕ್ ಪೈಪು ಇಲ್ಲೆಲ್ಲ ತುಕ್ಕು ಇದ್ದರೆ ಸುರಕ್ಷತೆಯ ಪ್ರಶ್ನೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ: ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂಕಾಗಿ ಪುಡಿ ಉದುರಿಸುತ್ತದೆ. ಕಡಲ ದಂಡೆಯ ಊರುಗಳಲ್ಲಿ, ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಹಾಕುವ ಸೀಮೆಯಲ್ಲಿ ಬಾಳಿದ ಕಾರಾದರೆ ಅಡಿಯನ್ನು ನೋಡದೆ ಮಾತೇ ಆಡಬೇಡಿ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟಿಂಗ್ ಏನನ್ನೋ ಮುಚ್ಚಿರಬಹುದು.

ಎಂಜಿನ್ ಚಾಲೂ ಮಾಡುವಾಗ ಏನನ್ನು ಗಮನಿಸಬೇಕು?

ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಮಾರುವವರು ಏನನ್ನೋ ಕೇಳಿಸಬಾರದು ಎಂದುಕೊಂಡಿದ್ದಾರೆ. ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎನ್ನಿ. ಚಾಲೂ ಆದ ಮೊದಲ ಕೆಲವು ಸೆಕೆಂಡು ಸರಪಳಿ ಅಲುಗಿದಂಥ ಗಲಗಲ ಸದ್ದು ಬಂದು ನಿಂತರೆ, ಪಿಸ್ಟನ್ ಮತ್ತು ವಾಲ್ವುಗಳನ್ನು ಒಂದೇ ತಾಳದಲ್ಲಿ ನಡೆಸುವ ಟೈಮಿಂಗ್ ಚೈನ್ ಸಡಿಲಾಗಿದೆ, ಅಥವಾ ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋತಿದೆ. ಟಿಕ್ ಟಿಕ್ ಸದ್ದು ಬಿಸಿಯಾದಂತೆ ಮಾಯವಾದರೆ ದೊಡ್ಡ ಭಯವಿಲ್ಲ. ವೇಗದ ಜೊತೆ ಏರುವ ಆಳವಾದ ಧಡಧಡ ಸದ್ದು ಬೇರಿಂಗಿನದಾಗಿದ್ದರೆ ಅಲ್ಲಿಗೇ ಮಾತು ಮುಗಿಸಿ. ಹತ್ತು ಹದಿನೈದು ನಿಮಿಷ ನಿಂತಲ್ಲೇ ಓಡಲು ಬಿಡಿ. ಫ್ಯಾನ್ ತಾನಾಗಿ ತಿರುಗಿ ನಿಲ್ಲಬೇಕು, ತಾಪದ ಮುಳ್ಳು ನಡುವೆ ನಿಂತಿರಬೇಕು.

ಹೊಗೆಯ ಬಣ್ಣ ನೋಡಿ ಏನು ಹೇಳಬಹುದು?

ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಚಾಲೂ ಮಾಡಿದಾಗ ಒಂದು ಕ್ಷಣ ಮಾತ್ರ ಬಂದರೆ ವಾಲ್ವಿನ ಸೀಲು ಕಾರಣವಿರಬಹುದು, ಎಳೆಯುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗು ಅಥವಾ ಟರ್ಬೊ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚಾಗಿದೆ. ಬಿಳಿ ಹೊಗೆ ಚಳಿಯ ಮುಂಜಾನೆ ಸಹಜ, ಅದು ಬರೀ ನೀರಾವಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತ, ಸಿಹಿ ವಾಸನೆ ಇದ್ದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿದೆ. ಎಂಜಿನ್ ಬ್ಲಾಕ್ ಮತ್ತು ಅದರ ತಲೆಯ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಂಭವ ಹೆಚ್ಚು. ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಕಂಡ ತಕ್ಷಣ ಗ್ಯಾಸ್ಕೆಟ್ ಹೋಯಿತು ಎಂದು ತೀರ್ಪು ಕೊಡುವವರಿದ್ದಾರೆ. ಸಣ್ಣ ಓಟದ ಕಾರಿನಲ್ಲಿ ತೇವ ಸೇರಿಯೂ ಹಾಗಾಗುತ್ತದೆ. ಆಯಿಲ್ ಮಟ್ಟ ಅಳೆಯುವ ಕಡ್ಡಿಯ ಆಯಿಲೂ ಹಾಲು ಬೆರೆತಂತಿದ್ದು, ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಆ ತೀರ್ಪು ನಿಲ್ಲುತ್ತದೆ.

ಓಡಿಸಿ ನೋಡಲು ಹತ್ತು ನಿಮಿಷ ಕೊಟ್ಟರು. ಏನು ಪರೀಕ್ಷಿಸಲಿ?

ರೇಡಿಯೊ ಆರಿಸಿ, ಕಿಟಕಿ ಇಳಿಸಿ. ಖಾಲಿ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಕಟ ಕಟ ಸದ್ದು ಬಂದರೆ ಡ್ರೈವ್ ಶಾಫ್ಟಿನ ಕೀಲು ಸವೆದಿದೆ. ಹಾಗಿದ್ದಾಗ ಚಕ್ರದ ಒಳಬದಿಯಲ್ಲಿ ಹರಿದ ರಬ್ಬರ್ ಬೂಟಿನಿಂದ ಸಿಡಿದ ಕಪ್ಪು ಗ್ರೀಸ್ ಮೆತ್ತಿಕೊಂಡಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ ಏರು ಹತ್ತಿಸುತ್ತ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ವೇಗದ ಜೊತೆ ಏರುವ ಗುಂಯ್‌ಗುಡುವಿಕೆ ಸ್ಟೀರಿಂಗ್ ಒಂದು ಕಡೆ ತಿರುಗಿಸಿದಾಗ ಹೆಚ್ಚಿ, ಇನ್ನೊಂದು ಕಡೆಗೆ ತಗ್ಗಿದರೆ ಅದು ಚಕ್ರದ ಬೇರಿಂಗ್. ಬ್ರೇಕ್ ಒತ್ತಿದಾಗ ಪೆಡಲ್ ಮಿಡಿದರೆ ಡಿಸ್ಕ್ ಸಮವಾಗಿಲ್ಲ, ಕಾರು ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಕಚ್ಚಿದೆ. ಉಬ್ಬು ಹಾರಿದಾಗ ಒಂದೇ ಧಡ್ ಬಂದು ನಿಂತರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ಷು, ಕಾರು ಎರಡು ಮೂರು ಬಾರಿ ತೂಗಾಡಿದರೆ ಶಾಕ್ ಅಬ್ಸಾರ್ಬರ್. ಇವೆಲ್ಲ ಬದಲಿಸಬಹುದಾದ ಭಾಗಗಳೇ. ಹೆದರಿ ಓಡಬೇಡಿ, ಚೌಕಾಸಿಗೆ ಬರೆದಿಟ್ಟುಕೊಳ್ಳಿ.

ಒಂದೂ ಎಚ್ಚರಿಕೆ ದೀಪ ಉರಿಯುತ್ತಿಲ್ಲ. ಎಲ್ಲ ಸರಿ ಇದೆ ತಾನೇ?

ಉರಿಯಬೇಕಾದಾಗ ಉರಿಯಿತೇ? ಕೀಲಿ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮೊದಲು, ಎಂಜಿನ್, ಆಯಿಲ್, ಎಬಿಎಸ್, ಏರ್‌ಬ್ಯಾಗ್ ದೀಪಗಳೆಲ್ಲ ಹತ್ತಬೇಕು. ಆಮೇಲೆ ಒಂದೊಂದಾಗಿ ಆರಬೇಕು. ಹತ್ತದೇ ಇರುವ ಏರ್‌ಬ್ಯಾಗ್ ದೀಪವನ್ನು ಯಾರೋ ಕಿತ್ತಿದ್ದಾರೆ. ಅದರ ವೈರನ್ನು ಬೇರೆ ದೀಪಕ್ಕೆ ಜೋಡಿಸಿ ಎರಡೂ ಒಟ್ಟಿಗೇ ಹತ್ತಿ ಆರುವಂತೆ ಮಾಡುವ ಜಾಣರೂ ಇದ್ದಾರೆ.

ಏರ್‌ಬ್ಯಾಗ್ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಟಕಾಟ ಕಂಪನಿ ತಯಾರಿಸಿದ ಏರ್‌ಬ್ಯಾಗ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ಸೆಕೆ, ತೇವ, ಕಾಲದಿಂದ ಕೆಟ್ಟು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳನ್ನು ಸಿಡಿಸಿ ಸಾವುಗಳಿಗೆ ಕಾರಣವಾಯಿತು. ಹಲವು ತಯಾರಕರ ಕೋಟ್ಯಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು, 2017ರಲ್ಲಿ ಆ ಕಂಪನಿ ದಿವಾಳಿ ಎದ್ದಿತು. ಗುರುತು ಸಂಖ್ಯೆ ಕೊಟ್ಟು, ಬಾಕಿ ಉಳಿದ ರಿಕಾಲ್ ಇದೆಯೇ ಎಂದು ತಯಾರಕರಲ್ಲಿ ವಿಚಾರಿಸಿ. ಈ ಕೆಲಸವನ್ನು ಸಾಮಾನ್ಯವಾಗಿ ಉಚಿತವಾಗಿಯೇ ಮಾಡಿಕೊಡುತ್ತಾರೆ.

## ಕೊಂಡ ಮೇಲೆ

ಕೊಂಡ ತಕ್ಷಣ ಏನೇನು ಬದಲಿಸಬೇಕು?

ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ದ್ರವ, ಕೂಲಂಟ್. ಮಾರಿದವರು ಈಗಷ್ಟೇ ಬದಲಿಸಿದೆ ಎಂದಿದ್ದರೂ, ಬಿಲ್ಲಿಲ್ಲದಿದ್ದರೆ ಬದಲಿಸಿ. ಅಂದಿನಿಂದ ಲೆಕ್ಕ ನಿಮ್ಮದು.

ಬ್ರೇಕ್ ದ್ರವವನ್ನು ಹೆಚ್ಚಿನವರು ಮರೆಯುತ್ತಾರೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಬ್ರೇಕ್ ಕಾದು ದ್ರವ ಕುದಿದರೆ ಗುಳ್ಳೆಗಳೇಳುತ್ತವೆ. ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಕೂಲಂಟ್ ವಿಷಯದಲ್ಲಿ ಬಣ್ಣ ನೋಡಿ ಬೆರೆಸಬೇಡಿ, ಬೇರೆ ಬೇರೆ ಜಾತಿಯವು ಸೇರಿದರೆ ಲೋಳೆಯಾಗಿ ರೇಡಿಯೇಟರ್ ಕಟ್ಟಿಕೊಳ್ಳಬಹುದು.

ಆಯಿಲ್ ಎಷ್ಟು ಓಡಿದ ಮೇಲೆ ಬದಲಿಸಬೇಕು? ಪುಸ್ತಕದಲ್ಲಿ ಒಂದು, ಮೆಕ್ಯಾನಿಕ್ ಹೇಳುವುದು ಇನ್ನೊಂದು.

ಪುಸ್ತಕದಲ್ಲಿಯೇ ಎರಡು ಪಟ್ಟಿಗಳಿರುತ್ತವೆ: ಸಾಮಾನ್ಯ ಬಳಕೆ, ಕಠಿಣ ಬಳಕೆ. ಧೂಳು, ಸಣ್ಣ ಓಟ, ನಿಂತು ನಿಂತು ಸಾಗುವ ಸಂಚಾರ ಎಲ್ಲವೂ ಕಠಿಣ ಬಳಕೆಯೇ, ಅಂದರೆ ನಮ್ಮಲ್ಲಿ ಹೆಚ್ಚಿನವರು ಎರಡನೆಯ ಪಟ್ಟಿಯವರು. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ದರ್ಜೆಯನ್ನು ಪುಸ್ತಕ ನೋಡಿ ಹಾಕಿಸಿ. ಹಳೆಯ ಎಂಜಿನ್ ಎಂದು ದಪ್ಪನೆಯ ಆಯಿಲ್ ಸುರಿಯುವ ಪದ್ಧತಿ, ಸಣ್ಣ ನಾಳಗಳಿರುವ ಈಗಿನ ಎಂಜಿನ್‌ಗಳಿಗೆ ಒಳ್ಳೆಯದಲ್ಲ.

ಟೈರಿನ ವಯಸ್ಸು ತಿಳಿಯುವುದು ಹೇಗೆ?

ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂಬ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ. 3219 ಎಂದಿದ್ದರೆ 2019ರ 32ನೆಯ ವಾರ ತಯಾರಾದದ್ದು. ಗೆರೆ ಎಷ್ಟೇ ಆಳವಿದ್ದರೂ ಹತ್ತು ವರ್ಷ ದಾಟಿದ ಟೈರು ಬೇಡ, ಆರು ವರ್ಷದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಬುಷ್ಷು ತಪ್ಪಿದೆ, ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಅದು ಕಾರಿನಷ್ಟೇ ಹಳೆಯದಾಗಿರುತ್ತದೆ.

ಬ್ಯಾಟರಿ ಬದಲಿಸಿ ಎಂದರು. ನಿಜವಾಗಿ ಹೋಗಿದೆಯೇ?

ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ತಪ್ಪು ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನದು, ಹೊಸ ಬ್ಯಾಟರಿಯೂ ವಾರದಲ್ಲಿ ಮಲಗುತ್ತದೆ.

ಬಿಡಿಭಾಗ ಕಂಪನಿಯದ್ದೇ ಹಾಕಿಸಬೇಕೇ?

ಎಲ್ಲಕ್ಕೂ ಬೇಕಿಲ್ಲ. ಕಾರು ಕಂಪನಿಗೆ ಭಾಗ ಪೂರೈಸುವ ತಯಾರಕರೇ ಅದನ್ನು ತಮ್ಮ ಹೆಸರಿನಲ್ಲಿಯೂ ಮಾರುತ್ತಾರೆ. ಫಿಲ್ಟರ್, ಬ್ರೇಕ್ ಪ್ಯಾಡ್, ಬೇರಿಂಗ್, ಶಾಕ್ ಅಬ್ಸಾರ್ಬರ್ ಇವನ್ನು ಹಾಗೆ ಕೊಳ್ಳಬಹುದು. ಟೈಮಿಂಗ್ ಬೆಲ್ಟ್, ಸೆನ್ಸರ್, ಗ್ಯಾಸ್ಕೆಟ್‌ಗಳಲ್ಲಿ ನಾನು ಉಳಿತಾಯ ಮಾಡುವುದಿಲ್ಲ. ಇನ್ನೊಂದು ಮಾತು: ಕಾರು ಕೊಳ್ಳುವ ಮೊದಲೇ ಅದರ ಹೆಡ್‌ಲ್ಯಾಂಪ್, ಎಸಿ ಕಂಪ್ರೆಸರ್, ಕ್ಲಚ್ ಸೆಟ್ ಸುಲಭವಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಉತ್ಪಾದನೆ ನಿಂತ ಅಪರೂಪದ ಮಾದರಿಯ ಗಟ್ಟಿ ಕಾರಿಗಿಂತ, ಬೀದಿ ಬೀದಿಯಲ್ಲಿ ಕಾಣುವ ಸಾಧಾರಣ ಕಾರನ್ನು ಸಾಕುವುದು ಸುಲಭ.

ನನ್ನದು ಚೈನ್ ಎಂಜಿನ್. ಅದಕ್ಕೆ ಏನೂ ಮಾಡಬೇಕಿಲ್ಲ ಅಲ್ಲವೇ?

ಆಯಿಲ್ ಸರಿಯಾಗಿ ಬದಲಿಸಬೇಕು. ಚೈನು ಬದುಕುವುದೇ ಆಯಿಲಿನ ಮೇಲೆ, ಟೆನ್ಷನರ್ ಕೂಡ ಹೆಚ್ಚಾಗಿ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಚೈನಿನ ಬದಲು ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಕಿಲೋಮೀಟರ್ ಮಿತಿಯ ಜೊತೆ ವರ್ಷದ ಮಿತಿಯೂ ಇರುತ್ತದೆ, ಯಾವುದು ಮೊದಲು ಬಂದರೆ ಅದು. ಮಿತಿ 60,000 ಕಿ.ಮೀ.ಯಿಂದ 1,60,000 ಕಿ.ಮೀ.ವರೆಗೆ ಎಂಜಿನ್ನಿಗೊಂದು. ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗವನ್ನು ಬೇರೆ ಬೇರೆ ಕ್ಷಣದಲ್ಲಿ ಬಳಸುತ್ತವೆ. ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತದೆ. ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಅರ್ಥ. ನೀರಿನ ಪಂಪನ್ನು ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಪಂಪನ್ನೂ ಅದೇ ಕೈಯಲ್ಲಿ ಬದಲಿಸಿ, ಕೂಲಿ ಒಂದೇ.

## ಇನ್ನೂ ಆಳಕ್ಕೆ ಇಳಿದವರಿಗೆ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಂಬಬಹುದೇ?

ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಎಂಜಿನ್ನಿನ ಬಲವನ್ನು ದ್ರವದ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಬಗೆಯದು ಹಳೆಯದು, ಸಹನೆಯದು. ಆಯಿಲ್ ಬದಲಿಸುತ್ತಿದ್ದರೆ ದೀರ್ಘ ಕಾಲ ಬಾಳುತ್ತದೆ. ಸಿವಿಟಿಯಲ್ಲಿ ಲೋಹದ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಹಿಡಿತದ ಬಲದಿಂದಲೇ ಓಡುವುದರಿಂದ ಅದಕ್ಕೆಂದೇ ಮಾಡಿದ ಆಯಿಲ್ ಹಾಕಲೇಬೇಕು. ಜೀವಮಾನದ ಆಯಿಲ್ ಎಂದು ಬರೆದಿದ್ದರೂ ಅರವತ್ತು ಸಾವಿರಕ್ಕೊಮ್ಮೆ ಬದಲಿಸುವುದು ಜಾಣತನ, ಯಾರ ಜೀವಮಾನ ಎಂದು ಅವರು ಹೇಳಿಲ್ಲವಲ್ಲ. ಎಎಂಟಿ ಎಂದರೆ ಸಾಧಾರಣ ಮ್ಯಾನುಯಲ್ ಗೇರ್‌ಬಾಕ್ಸಿಗೆ ಕ್ಲಚ್ ಒತ್ತಿ ಗೇರು ಬದಲಿಸುವ ಯಂತ್ರ ಜೋಡಿಸಿದ್ದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸದವರ ಕೈಯಲ್ಲಿ ಅದರ ಕ್ಲಚ್ ಬೇಗ ಸುಡುತ್ತದೆ.

ನಾಲ್ಕನೆಯದು ಎರಡು ಕ್ಲಚ್ಚಿನದು. ಅದರಲ್ಲಿಯೂ ಒಣ ಕ್ಲಚ್ಚಿನ ಬಗೆ ನಗರದ ಗದ್ದಲದಲ್ಲಿ ಕಾಯುತ್ತದೆ. ಫೋರ್ಡ್ ಫಿಯೆಸ್ಟಾ, ಫೋಕಸ್ ಕಾರುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಅದುರುತ್ತಿದೆ, ಜಾರುತ್ತಿದೆ ಎಂಬ ದೂರುಗಳನ್ನು ನಡೆಸಿಕೊಂಡ ರೀತಿಗಾಗಿ 2018ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಅಲ್ಲಿನ ಫೋರ್ಡ್ ಕಂಪನಿಗೆ ದಂಡ ವಿಧಿಸಿತು. ಇಂಥ ಕಾರನ್ನು ಪೂರ್ತಿ ಬಿಸಿಯಾಗುವಷ್ಟು ಹೊತ್ತು, ಗದ್ದಲದಲ್ಲಿಯೇ ಓಡಿಸಿ ನೋಡಬೇಕು. ತಣ್ಣಗಿರುವಾಗ ಎಲ್ಲವೂ ಬೆಣ್ಣೆಯಂತೆಯೇ ಇರುತ್ತದೆ.

ಎಂಜಿನ್ ಒಳಗೆ ಆಯಿಲಿನಲ್ಲಿಯೇ ಓಡುವ ಬೆಲ್ಟ್ ಎಂದರೇನು?

ಮಾಮೂಲಿ ಟೈಮಿಂಗ್ ಬೆಲ್ಟ್ ಒಣ ಜಾಗದಲ್ಲಿ ತಿರುಗುತ್ತದೆ. ಘರ್ಷಣೆ ತಗ್ಗಿಸಲೆಂದು ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್, ಪ್ಯೂಜೊ-ಸಿಟ್ರೊಯೆನ್ ಬಳಗದ 1.2 ಲೀಟರ್ ಪ್ಯೂರ್‌ಟೆಕ್ ಮುಂತಾದ ಸಣ್ಣ ಎಂಜಿನ್‌ಗಳಲ್ಲಿ ಬೆಲ್ಟನ್ನು ಆಯಿಲಿನಲ್ಲಿಯೇ ಓಡುವಂತೆ ಮಾಡಿದರು. ತಪ್ಪು ದರ್ಜೆಯ ಆಯಿಲ್ ಹಾಕಿದರೆ ಅಥವಾ ಪೆಟ್ರೋಲ್ ಬೆರೆತ ಆಯಿಲನ್ನು ಬದಲಿಸದೆ ಬಿಟ್ಟರೆ ಬೆಲ್ಟ್ ಉಬ್ಬಿ, ಚೂರು ಚೂರಾಗಿ ಉದುರುತ್ತದೆ. ಆ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತವೆ, ಎಂಜಿನ್ ಆಯಿಲ್ ಸಿಗದೆ ಸಾಯುತ್ತದೆ. ಪ್ಯೂರ್‌ಟೆಕ್ ವಿಷಯದಲ್ಲಿ, ಪ್ಯೂಜೊ-ಸಿಟ್ರೊಯೆನ್ ಬಳಗ ಸೇರಿಕೊಂಡ ಸ್ಟೆಲ್ಲಾಂಟಿಸ್ ಕಂಪನಿ 2024ರಲ್ಲಿ ಯುರೋಪಿನಲ್ಲಿ ಹತ್ತು ವರ್ಷ ಅಥವಾ 1,75,000 ಕಿ.ಮೀ. ವರೆಗಿನ ರಕ್ಷಣೆಯನ್ನು ಘೋಷಿಸಿತು. ಅದರ ಬೆಲ್ಟಿನ ಅಗಲವನ್ನು ಆಯಿಲ್ ಸುರಿಯುವ ಬಾಯಿಂದಲೇ ಅಳೆಯುವ ಸಾಧನವಿದೆ. ಈ ಬಗೆಯ ಎಂಜಿನ್ನಿನ ಕಾರು ಕೊಳ್ಳುವುದಾದರೆ ಆಯಿಲ್ ಬಿಲ್ಲುಗಳೆಲ್ಲ ಕೈಯಲ್ಲಿರಬೇಕು. ಇಲ್ಲವಾದರೆ ನನ್ನ ಸಲಹೆ ಬೇಡ ಎಂದೇ.

ಟರ್ಬೊ ಇರುವ ನೇರ ಇಂಜೆಕ್ಷನ್ ಎಂಜಿನ್‌ಗೆ ಬೇರೆ ಆರೈಕೆ ಬೇಕೇ?

ಬೇಕು. ಹಳೆಯ ಬಗೆಯಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಹಿಂದೆ ಸಿಂಪಡಿಸಲ್ಪಟ್ಟು ಅದನ್ನು ತೊಳೆಯುತ್ತ ಹೋಗುತ್ತಿತ್ತು. ನೇರ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಸಿಲಿಂಡರಿಗೇ ಬೀಳುವುದರಿಂದ ವಾಲ್ವಿನ ಬೆನ್ನಿನ ಮೇಲೆ ಆಯಿಲ್ ಆವಿ ಸುಟ್ಟು ಕರಿ ಕಟ್ಟುತ್ತದೆ. ತಣ್ಣಗಿದ್ದಾಗ ಎಂಜಿನ್ ತಡವರಿಸುವುದು, ಎಳೆತ ಕುಗ್ಗುವುದು ಅದರ ಲಕ್ಷಣ. ಪೆಟ್ರೋಲಿಗೆ ಬೆರೆಸುವ ಔಷಧಗಳು ಆ ಜಾಗವನ್ನು ಮುಟ್ಟುವುದೇ ಇಲ್ಲ. ವಾಲ್ನಟ್ ಸಿಪ್ಪೆಯ ಪುಡಿಯನ್ನು ಗಾಳಿಯ ರಭಸದಲ್ಲಿ ಊದಿ ಕರಿ ಕೀಳುವ ವಿಧಾನ ಬಳಕೆಯಲ್ಲಿದೆ. ಟರ್ಬೊ ಇರುವ ಕಾರನ್ನು ಏರು ಹತ್ತಿ ಬಂದ ತಕ್ಷಣ ಆರಿಸಬೇಡಿ, ಒಂದು ನಿಮಿಷ ಸುಮ್ಮನೆ ಓಡಲು ಬಿಡಿ.

ಎಂಜಿನ್ ಒಳಗಿನ ಸ್ಥಿತಿಯನ್ನು ಬಿಚ್ಚದೆ ಅಳೆಯಬಹುದೇ?

ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಒಂದೊಂದು ಸಿಲಿಂಡರಿನ ಸಂಖ್ಯೆಗಿಂತ ಅವುಗಳ ನಡುವಿನ ಅಂತರ ಮುಖ್ಯ. ಶೇಕಡಾ 10–15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಆಯಿಲ್ ಕುಡಿಯುವ ಪ್ರಮಾಣವನ್ನು ನೀವೇ ಅಳೆಯಬಹುದು. ಸಮತಟ್ಟಿನಲ್ಲಿ ನಿಲ್ಲಿಸಿ ಕಡ್ಡಿಯ ಗುರುತು ಬರೆದಿಟ್ಟು, 1,000 ಕಿ.ಮೀ. ಆದ ಮೇಲೆ ಮತ್ತೆ ನೋಡಿ. ಅರ್ಧ ಲೀಟರ್ ಇಳಿದರೂ ಸಹಜವೆನ್ನುವ ತಯಾರಕರಿದ್ದಾರೆ. ನನಗದು ಸಹಜವೆನಿಸುವುದಿಲ್ಲ.

ಅಗ್ಗದ ಸ್ಕ್ಯಾನರ್ ಕೊಂಡರೆ ಪ್ರಯೋಜನವಿದೆಯೇ?

ಇದೆ, ದೋಷದ ಸಂಕೇತ ಓದಲಷ್ಟೇ ಅಲ್ಲ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಒಬಿಡಿ-2 ಎಂಬ, ಕಾರು ತನ್ನ ದೋಷಗಳನ್ನು ತಾನೇ ದಾಖಲಿಸುವ ವ್ಯವಸ್ಥೆ ಆಮೇಲೆ ಹೆಚ್ಚಿನ ಎಲ್ಲ ದೇಶಗಳ ಕಾರುಗಳಿಗೂ ಬಂದಿತು. ಅದರಲ್ಲಿ ರೆಡಿನೆಸ್ ಎಂಬ ವಿಭಾಗ ನೋಡಿ. ಮಾರುವ ಮೊದಲು ಯಾರಾದರೂ ದೋಷಗಳನ್ನು ಅಳಿಸಿದ್ದರೆ, ಕಾರು ತನ್ನ ಸ್ವಪರೀಕ್ಷೆಗಳನ್ನು ಇನ್ನೂ ಮುಗಿಸಿಲ್ಲ ಎಂದು ಅಲ್ಲಿ ತೋರುತ್ತದೆ. ಸಂಕೇತ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಎಂಬುದನ್ನೂ ಹಲವು ಕಾರುಗಳು ಹೇಳುತ್ತವೆ. ಅದು ಹನ್ನೆರಡು ಕಿಲೋಮೀಟರ್ ಎಂದರೆ, ನಿಮ್ಮನ್ನು ಬರಮಾಡಿಕೊಳ್ಳುವ ಸಿದ್ಧತೆ ಇಂದು ಬೆಳಿಗ್ಗೆಯೇ ಆಗಿದೆ.

ಹಳೆಯ ಹೈಬ್ರಿಡ್ ಅಥವಾ ವಿದ್ಯುತ್ ಸಣ್ಣ ಕಾರು ಕೊಳ್ಳಬಹುದೇ?

ಬ್ಯಾಟರಿಯ ಆರೋಗ್ಯದ ವರದಿ ಸಿಕ್ಕರೆ ಕೊಳ್ಳಬಹುದು. ಹೈಬ್ರಿಡ್‌ನಲ್ಲಿ ಬ್ಯಾಟರಿ ತಂಪಾಗಿಸುವ ಗಾಳಿಯ ಕಿಂಡಿ ಹಲವು ಬಾರಿ ಹಿಂದಿನ ಸೀಟಿನ ಬಳಿ ಇರುತ್ತದೆ. ಅದರ ಫಿಲ್ಟರಿನಲ್ಲಿ ನಾಯಿಯ ಕೂದಲು, ಧೂಳು ತುಂಬಿದ್ದರೆ ಬ್ಯಾಟರಿ ವರ್ಷಗಟ್ಟಲೆ ಕಾದಿದೆ. ವಿದ್ಯುತ್ ಕಾರುಗಳಲ್ಲಿ, 2010ರಲ್ಲಿ ಬಂದ ನಿಸಾನ್ ಲೀಫ್‌ನ ಬ್ಯಾಟರಿಗೆ ದ್ರವದ ತಂಪು ಇರಲಿಲ್ಲ, ಸೆಕೆ ನಾಡುಗಳಲ್ಲಿ ಅದರ ಶಕ್ತಿ ಬೇಗ ಕುಂದಿತು. ಅದರ ಫಲಕದಲ್ಲಿ ಹನ್ನೆರಡು ಸಾಮರ್ಥ್ಯ ಗೆರೆಗಳಿರುತ್ತವೆ, ಎಷ್ಟು ಉಳಿದಿವೆ ಎಂದು ಎಣಿಸಿದರೆ ಸಾಕು. ಚಾರ್ಜಿನ ಗೆರೆಗಳನ್ನಲ್ಲ, ಅವುಗಳ ಪಕ್ಕದ ಸಣ್ಣ ಗೆರೆಗಳನ್ನು.

ಇನ್ನು ರಿಪೇರಿ ಬೇಡ, ಮಾರಿಬಿಡೋಣ ಎಂದು ಯಾವಾಗ ನಿರ್ಧರಿಸಬೇಕು?

ಒಂದು ರಿಪೇರಿಯ ಖರ್ಚನ್ನು ಕಾರಿನ ಬೆಲೆಗೆ ಹೋಲಿಸುವವರು ಲೆಕ್ಕ ತಪ್ಪುತ್ತಾರೆ. ಹೋಲಿಸಬೇಕಾದ್ದು ಅಷ್ಟೇ ಭರವಸೆಯ ಇನ್ನೊಂದು ಕಾರು ತರುವ ಖರ್ಚಿಗೆ. ಆ ಇನ್ನೊಂದು ಕಾರೂ ತನ್ನ ಬಾಕಿಯನ್ನು ಹೊತ್ತುಕೊಂಡೇ ಬರುತ್ತದೆ, ಈಗಿನದರ ಬಾಕಿ ಏನೆಂದು ನಿಮಗೆ ಆಗಲೇ ಗೊತ್ತು. ಕ್ಲಚ್, ಸಸ್ಪೆನ್ಷನ್, ರೇಡಿಯೇಟರ್, ಸ್ಟಾರ್ಟರ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು, ಇವುಗಳಿಗಾಗಿ ಮಾರಬೇಡಿ. ಚಾಸಿಸ್‌ಗೆ ತುಕ್ಕು ತಗುಲಿದಾಗ, ಗೇರ್‌ಬಾಕ್ಸ್ ಎರಡನೆಯ ಬಾರಿ ಹೋದಾಗ, ಸುರಕ್ಷತೆಗೆ ಬೇಕಾದ ಭಾಗವೇ ಸಿಗದಾದಾಗ ಬಿಡಿ. ಬಿಡುವಾಗ ಬಿಲ್ಲುಗಳ ಕಡತವನ್ನು ಕಾರಿನ ಜೊತೆಗೇ ಕೊಟ್ಟುಬಿಡಿ, ನಿಮ್ಮ ಕೆಲಸ ಅದರಿಂದ ಮುಗಿಯಿತು, ಕೊಳ್ಳುವವರಿಗೆ ಬೇಕಾಗಿರುವುದೂ ಅದೇ.